ಹಬ್ಬಕ್ಕೆ ಬಂದ ಕಲ್ಲುಹೂವು

ಗಂಗಕ್ಕ ಹೊಳಲ್ಕೆರೆ ಸೀಮೆಯ ರಾಮಗಿರಿಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಗಂಡ ಪಾಲಯ್ಯ ಕುರಿಗಳ ಜೊತೆ ಆಡುವಷ್ಟು ಮಾತನ್ನೂ ಹೆಂಡತಿಯ ಜೊತೆ ಆಡುತ್ತಿರಲಿಲ್ಲ. ಮಗನ ಪಾಲಿನದನ್ನೂ ಸೇರಿಸಿ ಅತ್ತೆ ಓಬಕ್ಕ ಆಡುತ್ತಿದ್ದಳು. ಈ ಮನೆಗೆ ತಾನು ಬೇಕಾದವಳೋ ಅಲ್ಲವೋ ಎಂಬುದೇ ಹುಡುಗಿಗೆ ತಿಳಿಯದಾಗಿತ್ತು.

ದೀವಳಿಗೆ ಬೆಳಿಗ್ಗೆ ಸೊಸೆ ಕುರಿಹಟ್ಟಿಯ ಬಾಗಿಲಲ್ಲಿ ಸಗಣಿಯ ಗುಪ್ಪೆಗಳನ್ನಿಟ್ಟು, ಗಂಡ ತಂದ ಹಳದಿ ತಂಗಡಿ ಹೂವನ್ನು ಅವಕ್ಕೆ ಸಿಕ್ಕಿಸಬೇಕು. ಆಮೇಲೆಯೇ ಕುರಿ ಬಿಡುವುದು. ಆ ವರ್ಷ ಚರ್ಮ ಹದ ಮಾಡುವುದಕ್ಕೆ ತೊಗಟೆ ಬೇಕೆಂದು ಯಾರೋ ಕಂಟ್ರಾಕ್ಟರು ಸುತ್ತಲಿನ ತಂಗಡಿಯನ್ನೆಲ್ಲ ಬುಡಕ್ಕೆ ಕಡಿಸಿಬಿಟ್ಟಿದ್ದ. ಹಬ್ಬ ಕೆಟ್ಟರೆ ಮಾತು ಬರುವುದು ಹೊಸ ಸೊಸೆಯ ಕಾಲ್ಗುಣಕ್ಕೆ. ಹೂವು ಹುಡುಕಿ ಬೆಟ್ಟಕ್ಕೆ ಹೋದ ಗಂಡನ ದಾರಿ ನೋಡುತ್ತ ಗಂಗಕ್ಕ ಗುಪ್ಪೆ ಇಡುತ್ತಿದ್ದಳು.

ಹೊತ್ತೇರುವಾಗ ಪಾಲಯ್ಯ ಬೆಟ್ಟ ಇಳಿದು ಬಂದ. ಮಹಾರಾಯ ಹೊತ್ತು ತಂದದ್ದು ಒಂದು ಚಪ್ಪಡಿ ಕಲ್ಲು! ಅದರ ಮೈತುಂಬ ಒಣ ಪಾಚಿಯ ಹಾಗೆ ಹಳದಿ ಕಲ್ಲುಹೂವು ಅಂಟಿತ್ತು.

“ಲೇ, ನಿನ್ ತಲೆ ನೆಟ್ಟಗೈತೇನಲೇ?” ಎಂದಳು ಓಬಕ್ಕ. “ತಂಗಡಿಗೆ ಬೇರೈತೆ, ಕಾಯೈತೆ, ಬೀಜೈತೆ. ಅದನ್ನಿಟ್ರೆ ಮಂದೆ ಹೆಚ್ಚತೈತೆ. ಇದಕ್ಕೇನೈತೆ?”

ಪಾಲಯ್ಯ ನೆಲ ನೋಡಿದ. “ಹಳದಿ ಐತಲ್ಲವ್ವ.”

ಕಲ್ಲು ಹೊತ್ತ ಅವನ ಹೆಗಲು ಕೆಂಪಗೆ ತರಚಿತ್ತು. ಅದನ್ನು ಕಂಡ ಗಂಗಕ್ಕನಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಅತ್ತೆ, ಇದು ಮಣ್ಣು ಕೇಳಲ್ಲ, ಗೊಬ್ಬರ ಕೇಳಲ್ಲ, ಬಂಡೆ ಹಿಡ್ಕಂಡು ಕುಂತೈತೆ. ಮಾವಾರು ಕುರಿ ಕಾಯೋ ಕಾಲದಾಗೂ ಇತ್ತೇನೋ.”

ತೀರಿಹೋದ ಗಂಡನ ಮಾತು ಬಂದದ್ದೇ ತಡ, ಓಬಕ್ಕನ ದನಿ ಇಳಿಯಿತು. “ಇತ್ತು ಕಣೆ. ಅಲ್ಲೇ ಕುಂತು ಬುತ್ತಿ ಬಿಚ್ಚೋರು. ಇಡು, ಇಡು. ಹೊತ್ತಾಗತೈತೆ.”

ಮರುವರ್ಷ ಕಡಿದ ಬುಡಗಳಿಂದಲೇ ತಂಗಡಿ ಚಿಗುರಿ ಹೂವಾಯಿತು. ಆದರೂ ಗಂಗಕ್ಕ ಆ ಕಲ್ಲನ್ನು ಎಸೆಯಲಿಲ್ಲ. ಗುಪ್ಪೆಗೆ ತಂಗಡಿ, ಪಕ್ಕದಲ್ಲಿ ಕಲ್ಲು, ಪ್ರತಿ ದೀವಳಿಗೆಯಲ್ಲೂ ಹಾಗೆಯೇ. ಮಕ್ಕಳಾದವು, ಮಂದೆ ಬೆಳೆಯಿತು. ಕಲ್ಲುಹೂವು ಮಾತ್ರ ಉಗುರಿನಷ್ಟೂ ದೊಡ್ಡದಾದಂತೆ ಕಾಣಲಿಲ್ಲ. ಪಾಲಯ್ಯನ ಮಾತೂ ಅಷ್ಟೇ. ಅದಕ್ಕಾಗಿ ಗಂಗಕ್ಕ ಆಮೇಲೆಂದೂ ಕೊರಗಲಿಲ್ಲ.

ವರ್ಷಗಳು ಕಳೆದು ಮನೆಗೆ ಸೊಸೆ ಏಕನಾಥಮ್ಮ ಬಂದಳು. ಮೊದಲ ದೀವಳಿಗೆಯಲ್ಲಿ ಗುಪ್ಪೆ ಇಡುತ್ತ ಕೇಳಿದಳು, “ತಂಗಡಿ ಹೂವು ಇಷ್ಟೊಂದು ಐತಲ್ಲತ್ತೆ, ಈ ಕಲ್ಲು ಯಾಕೆ?”

“ನಿಮ್ಮ ಮಾವ ನಂಗೆ ತಂದ ಹೂವು ಕಣವ್ವ,” ಎಂದಳು ಗಂಗಕ್ಕ.

ಜಗಲಿಯ ಮೇಲಿದ್ದ ಪಾಲಯ್ಯ ಕೇಳಿಸದವನಂತೆ ಕುರಿ ಬಿಡಲು ಎದ್ದ.