ಕಡಿಸಬೇಡಿ ಎಂದು ನಾನೇ ಹೇಳಿದ ಮಾವಿನ ಮರ

ಓದುಗರಿಗೆ ನಮಸ್ಕಾರ. ಹತ್ತನೇ ತರಗತಿ ಪಾಸಾದಾಗ ನನಗೆ ಇಪ್ಪತ್ತಾರು ವರ್ಷ. ಈಗಲೂ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತೇನೆ, ತಪ್ಪಿದ್ದರೆ ಮನ್ನಿಸಿ.

ತೊಂಬತ್ತರ ದಶಕದ ಮೊದಲಲ್ಲಿ, ನಲವತ್ತರ ಹತ್ತಿರ ಬಂದಿದ್ದ ನಾನು ವಿಶಾಖಪಟ್ಟಣದಲ್ಲಿ ಸಂಶೋಧನೆಗೆ ಸೇರಿದೆ. ತೊಗಟೆ ಕೊರೆಯುವ ಸಾಸಿವೆಯಷ್ಟು ದುಂಬಿಗಳು ಮೈಮೇಲೆ ಶಿಲೀಂಧ್ರ ಹೊತ್ತು ಮರದಿಂದ ಮರಕ್ಕೆ ಹೋಗುತ್ತವೆ. ಯಾವ ದುಂಬಿಯ ಜೊತೆ ಯಾವ ಶಿಲೀಂಧ್ರ ಎಂದು ನೋಡುವುದು ನನ್ನ ಕೆಲಸ. ಸಿಂಹಾಚಲಂ ಬೆಟ್ಟದ ಕಾಡಿನಲ್ಲಿ ಎರಡು ವರ್ಷ ತೊಗಟೆ ಎಬ್ಬಿಸಿದೆ. ಆಮೇಲೆ ವಿಜಯವಾಡದ ಆಚೆ, ಕಾಡಿಗೆ ಅಂಟಿಕೊಂಡ ಮಾವಿನ ತೋಪಿನಲ್ಲಿ ಒಣಗುತ್ತಿದ್ದ ಒಂದು ಮರ ಸಿಕ್ಕಿತು.

ತೋಪು ಒಬ್ಬ ವಿಧವೆಯದು. ಹಣ್ಣು ವಿಜಯವಾಡದ ಹಳೇ ಪೇಟೆ ಒನ್ ಟೌನ್‌ನ ಮಂಡಿಗೆ ಹೋದರೆ ಅವರಿಗೆ ವರ್ಷದ ಊಟ. ಅವರು ಆಡುತ್ತಿದ್ದುದು ತೆಲುಗು. ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಸೀಸೆ ತುಂಬಾ ಹುಳ ಒಯ್ತೀರಲ್ಲ ಬಾಬು, ನಿಮ್ಮ ಹೆಂಡತಿ ಒಳಗೆ ಬಿಡ್ತಾರಾ?"

"ಬಾಗಿಲಲ್ಲೇ ನಿಲ್ಲಿಸ್ತಾಳೆ ಅಮ್ಮಾ."

"ಸೀಸೇನಾ, ನಿಮ್ಮನ್ನಾ?"

ಒಂದು ದಿನ ಕೊಡಲಿಯವನನ್ನು ಕರೆಸಿದ್ದರು. "ಕಡಿಸಿ ಸುಟ್ಟುಬಿಡ್ಲಾ ಬಾಬು? ಓದಿದವರು ನೀವು, ಹೇಳಿ."

ಸುಡುವುದೇ ಸರಿ ಎಂದು ನನಗೆ ಗೊತ್ತಿತ್ತು. ಆದರೆ ತೊಗಟೆಯೊಳಗೆ ಇನ್ನೂ ಮರಿಹುಳುಗಳಿದ್ದವು. ಅವು ದುಂಬಿಗಳಾಗಿ ಹೊರಬಂದರೆ ನನ್ನ ಪ್ರಬಂಧಕ್ಕೆ ಸಾಕ್ಷಿ.

"ಒಂದು ಮಳೆಗಾಲ ಇರ್ಲಿ ಅಮ್ಮಾ, ಏನೂ ಆಗಲ್ಲ," ಎಂದೆ.

ಹೆಂಡತಿಯ ಹಳೇ ವಾಯಿಲ್ ಸೀರೆಯನ್ನು ಕಾಂಡಕ್ಕೆ ಸುತ್ತಿ ಬಿಗಿದೆ, ಹೊರಬಂದವು ಅದರಲ್ಲೇ ಉಳಿಯಲಿ ಎಂದು. ಕೈಗೆ ಎಟುಕುವಷ್ಟೇ ಕಟ್ಟಿದ್ದೆ. ಮೇಲಿನ ಕೊಂಬೆಗಳಲ್ಲೂ ಹುಳುಗಳಿದ್ದವು.

ಮರುವರ್ಷ ಹೋದಾಗ ಸುತ್ತಲಿನ ಏಳು ಮರಗಳ ಕಾಂಡದಲ್ಲಿ ಅಂಟು ಸೋರುತ್ತಿತ್ತು. ಎಲೆ ಸುಟ್ಟಂತಾಗಿ ಉದುರದೆ ನೇತಾಡುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಅದೇ ದುಂಬಿ, ಅದೇ ಶಿಲೀಂಧ್ರ. "ಇನ್ನೇನ್ರೀ ಬೇಕು, ಅಧ್ಯಾಯ ಮುಗೀತು!" ಎಂದು ನನ್ನ ಸಂಶೋಧನೆಯ ಗೈಡ್ ಬೆನ್ನು ತಟ್ಟಿದರು.

ಅಮ್ಮನಿಗೆ ನಿಜ ಹೇಳಲೇಬೇಕೆಂದು ಮತ್ತೆ ತೋಪಿಗೆ ಹೋದೆ. ಅಮ್ಮ ಮಜ್ಜಿಗೆ ಕೊಟ್ಟರು.

"ಅವತ್ತೇ ಕಡಿಸಿದ್ರೆ ಇವು ಉಳೀತಿದ್ವಾ ಬಾಬು?"

"ಉಳೀತಿದ್ವು ಅಂತ ಕಾಣುತ್ತೆ ಅಮ್ಮಾ. ನನ್ನ ಓದಿಗೋಸ್ಕರ ಬೇಡ ಅಂದೆ."

ಬೈಯಲಿಲ್ಲ. "ಮಜ್ಜಿಗೆ ಕುಡೀರಿ," ಎಂದರು. ಮುಂದಿನ ಬೇಸಿಗೆಯಲ್ಲಿ ತೋಪು ಮಾರಿ ಮಗಳ ಊರಿಗೆ ಹೋದರಂತೆ. ಯಾವ ಊರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನೀವು ಕಲಿಯಲು ಹೋಗಿ ಇನ್ನೊಬ್ಬರು ಕಳೆದುಕೊಂಡದ್ದು ಉಂಟೇ? ಆಮೇಲೆ ಅವರನ್ನು ಹುಡುಕಿ ಹೋದಿರಾ? ದಯವಿಟ್ಟು ಬರೆಯಿರಿ.