ಕಾಗೆಗೆ ಇಡದ ಎಡೆ

ನಮ್ಮ ಓಣಿಯ ಇಸ್ತ್ರಿಯವನು ಇನ್ನೂ ಇದ್ದಿಲಿನ ಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದಾನೆ. ನಿನ್ನೆ ನೀರು ಚಿಮುಕಿಸಿದ ಬಿಳಿ ಅಂಗಿಯ ಮೇಲೆ ಅದನ್ನು ಎಳೆದಾಗ ಎದ್ದ ವಾಸನೆಗೆ ಮೂಡಲಗಿಯ ಟೇಲರ್ ಕಾಕಾ ನೆನಪಾದರು...

ಅರವತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಹೊಸ ಮಾಸ್ತರ. ಕಾಕಾನ ಅಂಗಡಿ ನನ್ನ ಬಾಡಿಗೆ ಮನೆಯ ಪಕ್ಕದಲ್ಲೇ ಇತ್ತು. ಖಾದಿ ಟೊಪ್ಪಿಗೆ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಅಂಗಡಿಯಲ್ಲಿ ರೇಡಿಯೋ ಇದ್ದದ್ದರಿಂದ ಸಂಜೆ ವಾರ್ತೆಗೆ ಮಂದಿ ಸೇರುತ್ತಿದ್ದರು. ವಾರ್ತೆ ಮುಗಿದರೆ ಒಂದೇ ವಾದ: ನಮ್ಮ ಪ್ರಧಾನಿಗಳು ದೇವರನ್ನು ನಂಬುತ್ತಾರೋ ಇಲ್ಲವೋ? ಒಳಗೊಳಗೆ ನಂಬುತ್ತಾರೆ ಎಂದು ಮಂದಿ, ಇಲ್ಲವೇ ಇಲ್ಲ ಎಂದು ಕಾಕಾ. ಪ್ರಧಾನಿ ತಮ್ಮ ಖಾಸಾ ಬೀಗರೇನೋ ಎಂಬಂತೆ ಪಟ್ಟು ಹಿಡಿಯುತ್ತಿದ್ದರು. ನನಗೆ ನಗು ಬರುತ್ತಿತ್ತು.

ಆ ಪಟ್ಟು ಮನೆಯೊಳಗೂ ಬಂತು. ಹಾಸಿಗೆ ಹಿಡಿದಿದ್ದ ಅವರ ತಾಯಿ, ನಾ ಹ್ವಾದ ಮ್ಯಾಲ ನನ್ನ ದಿನಾ ಚಂದಂಗ ಮಾಡಪಾ ಎಂದು ಕೇಳಿಕೊಂಡಿದ್ದರು. ತಾಯಿ ತೀರಿಕೊಂಡ ಮೇಲೆ ಕಾಕಾ ತಲೆ ಬೋಳಿಸಿಕೊಳ್ಳಲಿಲ್ಲ, ಕಾಗೆಗೆ ಎಡೆ ಇಡಲಿಲ್ಲ. ಪ್ರಧಾನಿಗಳಂಥ ದೊಡ್ಡ ಮನುಷ್ಯರೇ ಇದನ್ನೆಲ್ಲ ನಂಬುವುದಿಲ್ಲ ಎಂದರು. ಬೆಲ್ಲದ ಬಾಗೇವಾಡಿಯಿಂದ ಬಂದಿದ್ದ ಅವರ ಅಕ್ಕ ಬಾಗಿಲಲ್ಲೇ ನಿಂತಳು.

"ಅವ್ವನ್ನ ಹಸದ ಹೊಟ್ಟೀಲೆ ಕಳಿಸಿದಿ. ಇನ್ನ ನಿನ್ನ ಮನಿ ನೀರೂ ನನಗ ಬ್ಯಾಡ."

ಚಿಕ್ಕಂದಿನಲ್ಲಿ ಕಾಕಾನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ಮತ್ತೆ ಬರಲಿಲ್ಲ.

ಆಮೇಲೊಂದು ಬೇಸಿಗೆಯಲ್ಲಿ ಪ್ರಧಾನಿಗಳು ತೀರಿಕೊಂಡರು. ಚಿತೆಯ ಮುಂದೆ ಪುರೋಹಿತರು ಮಂತ್ರ ಹೇಳಿದರೆಂದು ಸುದ್ದಿ ಬಂತು. ಕೊನೆಗೂ ದೇವರು ಬೇಕಾದನಲ್ಲ ಎಂದು ಮಂದಿ ಕಾಕಾನ ಕಾಲೆಳೆದರು. ಅವರು ಮಷಿನ್ ತುಳಿಯುತ್ತಲೇ ಇದ್ದರು. ಸೂಜಿಯಲ್ಲಿ ದಾರ ಇರಲಿಲ್ಲ.

ಕೆಲವು ದಿನಗಳ ಮೇಲೆ ರೇಡಿಯೋದಲ್ಲಿ ಪ್ರಧಾನಿಗಳ ಮೃತ್ಯುಪತ್ರದ ಸುದ್ದಿ ಬಂತು. ತಮಗೆ ಯಾವ ಧಾರ್ಮಿಕ ವಿಧಿಯೂ ಬೇಡವೆಂದು ಅವರು ಮೊದಲೇ ಬರೆದಿಟ್ಟಿದ್ದರು. ನೀವೇ ಗೆದ್ರಿ ಕಾಕಾ ಎಂದೆ. ಅವರು ರೇಡಿಯೋ ಬಂದ್ ಮಾಡಿದರು.

"ಏನ್ ಗೆಲ್ಲೂದ್ರಿ ಮಾಸ್ತರ... ಅವರು ಬ್ಯಾಡಂದದ್ದನ್ನ ಅವರ ಮಂದಿ ಮಾಡಿದ್ರು. ನಮ್ಮವ್ವ ಬೇಕಂದದ್ದನ್ನ ನಾ ಮಾಡಲಿಲ್ಲ. ನನಗ ನಂಬಿಕಿ ಇಲ್ಲ, ಖರೆ. ಆದ್ರ ಆಕಿಗಿ ಇತ್ತಲ್ಲ."

ಮರುದಿನ ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೋದರು. ಅಕ್ಕ ಬಾಗಿಲು ತೆರೆಯಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ತಾಯಿ ಹೋದ ದಿನ ಮಾಳಿಗೆಯ ಮೇಲೆ ಎಡೆ ಇಡತೊಡಗಿದರು. ವಾದ ಮಾಡುವುದನ್ನು ಬಿಟ್ಟೇಬಿಟ್ಟರು, ಮೊದಲಿನ ಹುರುಪೂ ಹೋಯಿತು. ತಾವು ಸತ್ತರೆ ಮಾತ್ರ ಏನೂ ಮಾಡಬಾರದೆಂದು ನನಗೆ ಹೇಳಿಟ್ಟಿದ್ದರು.

ಅವರು ತೀರಿಕೊಂಡ ದಿನ ಅಕ್ಕ ಬಂದಳು. ತಮ್ಮನ ತಲೆಯ ಹತ್ತಿರ ಕೂತು ನನ್ನ ಕಡೆ ನೋಡಿದಳು.

"ಏನರ ಹೇಳಿದ್ನೇನ್ರಿ ಇಂವಾ?"

ಹೇಳಿದೆ. ಅವಳು ಎದ್ದು, ಕಾಕಾನ ಮಗನ ತಲೆ ಬೋಳಿಸಲು ಬಂದು ಕೂತಿದ್ದವನನ್ನು ಮನೆಗೆ ಕಳಿಸಿದಳು. ಎಡೆಗೆಂದು ಕಟ್ಟಿ ತಂದಿದ್ದ ಅಕ್ಕಿಯ ಗಂಟನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು ಅತ್ತಳು.

ಆ ಪ್ರಧಾನಿಯ ದೇವರ ಬಗ್ಗೆ ಈಗಲೂ ಟೀವಿಯಲ್ಲಿ ಜಗಳ ನಡೆಯುತ್ತದೆ. ನನಗೆ ಕೇಳಿ ಕೇಳಿ ಸಾಕಾಗಿದೆ, ಬಂದ್ ಮಾಡುತ್ತೇನೆ. ಸತ್ತವನು ಏನು ಕೇಳಿಕೊಂಡಿದ್ದ ಎಂದು ವಿಚಾರಿಸಿದವಳು, ನಾನು ಕಂಡಂತೆ, ಆ ಅಕ್ಕ ಒಬ್ಬಳೇ. ಅವಳೂ ಇಲ್ಲ ಈಗ, ಕಾಕಾನೂ ಇಲ್ಲ...