ಗೋಕರ್ಣಕ್ಕೆ ಕಟ್ಟಿದ ರೊಟ್ಟಿ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ದೆವ್ವ ಕಂಡೆನೆಂದು ಯಾವುದಾದರೂ ಹುಡುಗಿ ಅತ್ತರೆ ನಮ್ಮ ಸಿಸ್ಟರ್ ಮೊದಲು ಒಂದು ಲೋಟ ನೀರು ಕೊಟ್ಟು, ಆಮೇಲೆ ಬೆಳಿಗ್ಗೆ ತಿಂಡಿ ತಿಂದಿದ್ದೀಯಾ ಎಂದು ಕೇಳುತ್ತಿದ್ದರು. ನಾನೂ ಹಾಗೆಯೇ ಬೆಳೆದೆ. ಎಲ್ಲದಕ್ಕೂ ಹೊಟ್ಟೆಯದೋ ನಿದ್ದೆಯದೋ ಕಾರಣ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಈಗ ಬರೆಯುತ್ತಿರುವುದಕ್ಕೂ ಆ ಎರಡು ಕಾರಣಗಳನ್ನು ಹೊಂದಿಸಿ ನೋಡಿದ್ದೇನೆ. ಹೊಂದುತ್ತಿಲ್ಲ.

ನಾನು ಸಮುದ್ರ ನೋಡಿಲ್ಲ. ಕೊಪ್ಪಳದಲ್ಲೇ ಹುಟ್ಟಿ, ಕೊಪ್ಪಳದಲ್ಲೇ ಮದುವೆಯಾಗಿ ಉಳಿದವಳು. ನಮ್ಮವರದು ಬೋರ್‌ವೆಲ್ ಮೋಟಾರುಗಳ ಅಂಗಡಿ. ಕೆಲವು ವರ್ಷಗಳ ಹಿಂದೆ, ಒಂದು ದಿನದ ಮಟ್ಟಿಗೆ ಗೋಕರ್ಣಕ್ಕೆ ಹೋಗಿ ಬರೋಣವೆಂದು ಇವರನ್ನು ಕೇಳಿದೆ. ನಸುಕಿನಲ್ಲಿ ಬಿಟ್ಟರೆ ಊಟದ ಹೊತ್ತಿಗೆ ಮುಟ್ಟಬಹುದು. ಆ ಹಳೆಯ ಊರಿನ ಓಣಿಗಳಲ್ಲಿ ಅಡ್ಡಾಡಿ, ಚಪ್ಪಲಿ ಬಿಟ್ಟು ಮರಳಿನಲ್ಲಿ ಕೂತು, ಯಾರಿಗೂ ಏನೂ ಬಡಿಸದೆ ಸುಮ್ಮನೆ ನೀರು ನೋಡುವುದು. ನನಗೆ ಬೇಕಾಗಿದ್ದು ಇಷ್ಟೇ.

ಆದರೆ ಮನೆಯವರ ಬಾಯಲ್ಲಿ ನನ್ನ ಸಮುದ್ರ ದಿನದಿನಕ್ಕೂ ಕಿರಿದಾಯಿತು.

"ಗೋಕರ್ಣಕ್ಕ ಹೋಗಿ ದೇವ್ರಿಗೆ ಅಭಿಷೇಕ ಮಾಡಸ್ದ ಬಂದ್ರ ಮಂದಿ ಏನಂತಾರ?" ಎಂದರು ಅತ್ತೆ.

"ಹೆಂಗೂ ಹುಬ್ಬಳ್ಳಿ ಮ್ಯಾಲೆ ಹೊಂಟೀವಿ, ಡೀಲರ್ ಹತ್ರ ಹತ್ತ ನಿಮಿಷದ ಕೆಲಸ ಐತಿ," ಎಂದರು ಇವರು. ಇವರ ಹತ್ತು ನಿಮಿಷ ಎಂಥದೆಂದು ನನಗೆ ಗೊತ್ತು.

"ಹಂಗಾದ್ರ ಸಮುದ್ರ ಯಾವಾಗ ನೋಡೂದ್ರಿ?"

"ಅದೇನ ಓಡಿ ಹೊಕ್ಕೈತೇನ? ಕಾರಿನ ಕಿಡಕ್ಯಾಗಿಂದನ ಕಾಣತೈತಿ," ಎಂದು ನಕ್ಕರು.

ಒಮ್ಮೆ ಬಂಧುಗಳ ಮನೆಯ ಬಸುರಿಯ ಕುಬಸ ಬಂದು ತಪ್ಪಿತು, ಇನ್ನೊಮ್ಮೆ ಇವರ ಸೊಂಟ ಹಿಡಿದುಕೊಂಡು ತಪ್ಪಿತು. ಪ್ರತಿ ಸಲವೂ ಹಾದಿಗೆಂದು ಜೋಳದ ಕಡಕ್ ರೊಟ್ಟಿ ಮಾಡಿ, ಚೆನ್ನಾಗಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದೆ. ಪ್ರತಿ ಸಲವೂ ಅದನ್ನು ಮನೆಯಲ್ಲೇ ಕೂತು ಮುರಿದು ತಿನ್ನುತ್ತಿದ್ದೆವು. ನಮ್ಮ ಕಡೆಯ ಹವೆಗೆ ಕಡಕ್ ರೊಟ್ಟಿ ತಿಂಗಳಾದರೂ ಹಪ್ಪಳದಂತೆ ಗರಿಗರಿಯಾಗಿಯೇ ಇರುತ್ತದೆ. ನನ್ನ ಕಾನ್ವೆಂಟಿನ ಗೆಳತಿ ಲೀನಾ ಮದುವೆಯಾಗಿ ಕುಮಟಾದಲ್ಲಿದ್ದಾಳೆ. "ರೊಟ್ಟಿ ಮಾತ್ರ ತರಬ್ಯಾಡಲೇ. ಈ ಸಮುದ್ರದ ಗಾಳಿ ತಾಗಿದ್ರ ಅರ್ಧ ದಿನದಾಗ ಬಟ್ಟಿ-ಅರಬಿ ಹಂಗ ಮಡಚಾಕ ಬರ್ತಾವು," ಎಂದು ಫೋನಿನಲ್ಲಿ ನಗುತ್ತಿದ್ದಳು.

ಮೂರನೆಯ ಸಲ ಹೊರಟಿದ್ದು ಏಪ್ರಿಲ್ಲಿನಲ್ಲಿ. ಸೀರೆ ಉಟ್ಟು, ಚೀಲವನ್ನು ಬಾಗಿಲ ಬಳಿ ಇಟ್ಟು, ಗ್ಯಾಸ್ ಬಂದ್ ಮಾಡಿ ನಿಂತಿದ್ದೇನೆ, ಇವರಿಗೆ ಫೋನು ಬಂತು. ಯಲಬುರ್ಗಾ ಕಡೆಯ ಹಳೆಯ ಗಿರಾಕಿಯೊಬ್ಬರ ತೋಟದಲ್ಲಿ ಮೋಟಾರು ಸುಟ್ಟಿತ್ತು. "ಒಂದ ತಾಸು. ಹಿಂಗ ಹೋಗಿ ಹಂಗ ಬಂದೆ," ಎಂದು ನಮಗಾಗಿ ತೊಳೆದಿಟ್ಟಿದ್ದ ಕಾರಿನಲ್ಲೇ ಹೋದರು.

ಬಿಸಿಲೇರಿತು. ಅತ್ತೆ ಪಕ್ಕದ ಓಣಿಯ ತಂಗಿಯ ಮನೆಗೆ ಹೋದರು. ನಾನು ಸೀರೆ ಬದಲಿಸಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯ ಕುರ್ಚಿಯಲ್ಲಿ ಹಟ ಹಿಡಿದು ಕೂತೆ. ಸಿಟ್ಟಿಗೆ ಕಣ್ಣು ಉರಿಯುತ್ತಿದ್ದವು. ಏಪ್ರಿಲ್ಲಿನ ನಮ್ಮ ಗಾಳಿ ಎಂಥ ಒಣ ಗಾಳಿ ಎಂದರೆ, ಮಾಳಿಗೆಯ ಮೇಲೆ ಕೊನೆಯ ಬಟ್ಟೆ ಹರವುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಕಣ್ಣು ಮುಚ್ಚಿದೆ. ತೆರೆದಾಗ ಗೋಡೆಯ ಮೇಲಿನ ಬಿಸಿಲು ಇಳಿದುಹೋಗಿತ್ತು. ಕನಸು ಬಿದ್ದಿದ್ದರೆ ಬರೆಯುತ್ತಿದ್ದೆ. ಏನೂ ಬಿದ್ದಿರಲಿಲ್ಲ.

ಸಂಜೆ ಇವರೂ ಅತ್ತೆಯೂ ಬಂದರು. ಬಡಿಸಲೆಂದು ಗಂಟು ಬಿಚ್ಚಿ ರೊಟ್ಟಿ ಎತ್ತಿದೆ. ಕೈಯಲ್ಲಿ ಜೋತುಬಿತ್ತು. ಮುರಿಯಲು ಹೋದರೆ ಮಡಚಿಕೊಂಡಿತು. ಗಂಟಿನಲ್ಲಿದ್ದ ಅಷ್ಟೂ ಹಾಗೆಯೇ. ಸವತೆಕಾಯಿಗೆಂದು ಕಾಗದದಲ್ಲಿ ಕಟ್ಟಿದ್ದ ಉಪ್ಪು ನೀರೊಡೆದಿತ್ತು. ಅಡುಗೆಮನೆಗೆ ಓಡಿ, ಇವುಗಳ ಜೊತೆಗೇ ಬೇಯಿಸಿ ಡಬ್ಬಿಯಲ್ಲಿಟ್ಟಿದ್ದ ರೊಟ್ಟಿಯೊಂದನ್ನು ಮುರಿದೆ. ಟಪ್ ಎಂದಿತು.

"ನೀರಿನ ಬಾಟ್ಲಿ ಸೋರಿರಬೇಕ ಬಿಡು," ಎಂದರು ಇವರು. ಬಾಟಲಿ ಚೀಲದಲ್ಲಿ ಇರಲೇ ಇಲ್ಲ. ಬೆಳಿಗ್ಗೆ ತುಂಬಿಟ್ಟದ್ದು ಹಾಗೆಯೇ ಬಾಗಿಲ ಬಳಿ ನಿಂತಿತ್ತು.

ಅತ್ತೆ ಜೀವನವೆಲ್ಲ ರೊಟ್ಟಿ ಬಡಿದವರು. ಒಂದನ್ನು ಕೈಗೆತ್ತಿಕೊಂಡು ಸವರಿದರು, ಮೂಸಿದರು, ನನ್ನ ಮುಖ ನೋಡಿದರು.

"ಮಧ್ಯಾಹ್ನ ಎಲ್ಲಿಗೆ ಹೋಗಿದ್ದಿ ಯವ್ವಾ?"

"ಎಲ್ಲಿಗೂ ಇಲ್ರಿ ಅತ್ತಿ. ಈ ಕುರ್ಚ್ಯಾಗ ಕುಂತಿದ್ದೆ."

"ನಾ ನಡುವ ಬಂದಿದ್ನಿ. ಬಾಗಲಾ ಬಡದೆ, ಒಳಗಿಂದ ಹಾಕಿತ್ತು. ಕಿಡಕ್ಯಾಗ ಹಣಿಕಿ ನೋಡಿದೆ. ಕುರ್ಚಿ ಖಾಲಿ ಇತ್ತು, ಚೀಲಾನೂ ಇರಲಿಲ್ಲ. ಒಳಗ ಮಲಗಿರಬೇಕಂತ ಹೊಳ್ಳಿ ಹೋದೆ."

ಆ ಕುರ್ಚಿ ಕಿಟಕಿಯ ಎದುರಿಗೇ ಇದೆ. ಅತ್ತೆ ಸುಳ್ಳು ಹೇಳುವವರಲ್ಲ, ಹೇಳಿ ಅವರಿಗೆ ಆಗಬೇಕಾದದ್ದೂ ಏನಿಲ್ಲ. ಎಲ್ಲರೂ ಅತ್ತ ಹೋದ ಮೇಲೆ, ನಾಚಿಕೆ ಬಿಟ್ಟು, ನನ್ನ ಚಪ್ಪಲಿಗಳನ್ನು ತಿರುವಿ ನೋಡಿದೆ. ಒಂದು ಹರಳು ಮರಳಾದರೂ ಸಿಕ್ಕೀತೇನೋ ಎಂದು. ನಮ್ಮ ಓಣಿಯ ಕೆಂಪು ಧೂಳು, ಅಷ್ಟೇ.

ಆಮೇಲೆ ನಾವು ಗೋಕರ್ಣಕ್ಕೆ ಹೋಗಿಯೇ ಇಲ್ಲ. ಮಾತೆತ್ತಿದರೆ ಸಾಕು, "ನೀ ಆಗಲೇ ಹೋಗಿ ಬಂದೀಯಲ್ಲ, ಪೆಟ್ರೋಲ್ ಇಲ್ದ!" ಎಂದು ಇವರು ನಗುತ್ತಾರೆ. ನನ್ನ ಬಾಯಿ ಮುಚ್ಚಿಸಲು ಇವರಿಗೆ ಅದೊಂದು ನೆಪ ಸಿಕ್ಕಿತು. ಅತ್ತೆ ಮಾತ್ರ ನಗುವುದಿಲ್ಲ. ಮಧ್ಯಾಹ್ನ ಹೊರಗೆ ಹೊರಟರೆ ಹೊಸ್ತಿಲಲ್ಲಿ ಒಮ್ಮೆ ತಿರುಗಿ, ನಾನು ಇದ್ದೇನೆಯೇ ಎಂದು ನೋಡಿಯೇ ಹೋಗುತ್ತಾರೆ.

ಹೆದರಿಕೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಆದರೆ ಅದಕ್ಕಿಂತ ಸಿಟ್ಟು ಬಂದದ್ದೇ ಹೆಚ್ಚು, ಈಗಲೂ ಬರುತ್ತದೆ. ನಾನು ಕುರ್ಚಿಯಲ್ಲೇ ಇದ್ದೆನೆಂದರೆ ರೊಟ್ಟಿ ಹಾಗಾದದ್ದು ಹೇಗೆ? ಹೋಗಿದ್ದೆನೆಂದರೆ, ಅಷ್ಟು ವರ್ಷ ಕಾದವಳಿಗೆ ಒಂದೇ ಒಂದು ತೆರೆಯಾದರೂ ನೆನಪಿರಬೇಡವೇ?